ಬೇವು ಹಣ್ಣಾಗೋ ಹೊತ್ತಿಗೇ ಮಳೆ ಹಿಡಿದರೆ: ಗಿಡಗಳಿಗೆ ಋತು ತಿಳಿಯುವುದು ಹೇಗೆ?

2025ರಲ್ಲಿ ನನಗೆ ಬೇವಿನ ಬೀಜ ದಕ್ಕಲಿಲ್ಲ. ಗಿಡದ ತುಂಬ ಕಾಯಿ ಇತ್ತು, ಅದರಲ್ಲಿ ಕೊರತೆ ಇರಲಿಲ್ಲ. ಆದರೆ ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ವಾಡಿಕೆಗಿಂತ ಎಂಟು ದಿನ ಮೊದಲು. ಅದಕ್ಕೂ ಮುಂಚೆ ಅಡ್ಡಮಳೆ ಬೇರೆ. ಹಣ್ಣು ಕೆಸರಿಗೆ ಬಿದ್ದವು. ಆಯ್ದು ತಂದು ಹರವಿದರೆ ಬಿಸಿಲೇ ಇಲ್ಲ, ನಾಲ್ಕು ದಿನಕ್ಕೆ ಬೂಸ್ಟು. ಸಾವಯವ ತೋಟ ಮಾಡೋರಿಗೆ ಬೇವಿನ ಬೀಜ ಇಲ್ಲ ಅಂದ್ರೆ ಇಡೀ ವರ್ಷದ ಕಷಾಯ ಹೋಯ್ತು ಅಂತಲೇ ಅರ್ಥ.

ತಪ್ಪು ಮಳೆಯದ್ದೋ, ಗಿಡದ್ದೋ, ನನ್ನದೋ? ಇದನ್ನು ತಿಳಿಯಬೇಕಂದ್ರೆ ಗಿಡಕ್ಕೆ ಋತು ಹೇಗೆ ಗೊತ್ತಾಗುತ್ತೆ ಅನ್ನೋದನ್ನು ಮೊದಲು ನೋಡಬೇಕು.

ಗಿಡ ಮೂರು ಸಂಗತಿ ಗಮನಿಸುತ್ತೆ: ಹಗಲಿನ ಉದ್ದ, ಸೆಕೆ–ಚಳಿ, ಮಣ್ಣಿನ ಹಸಿ. ಜಮಖಂಡಿ, ಮುಧೋಳದ ಕಡೆ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಬರೀ ಎರಡು ತಾಸು ವ್ಯತ್ಯಾಸ. ಆದರೂ ಗಿಡಕ್ಕೆ ಅಷ್ಟು ಸಾಕು. ಇದು ಯಾವ ವರ್ಷವೂ ಬದಲಾಗದ ಗಡಿಯಾರ. ಸೆಕೆ ಒಂದೆರಡು ವಾರ ಹಿಂದೆ ಮುಂದೆ ಆಗುತ್ತೆ. ಮಳೆಯ ಮಾತಂತೂ ಕೇಳಲೇಬೇಡಿ. ವರ್ಷಕ್ಕೆ ಸುಮಾರು 550–600 ಮಿ.ಮೀ. ಬೀಳೋ ನಮ್ಮ ನಾಡಿನಲ್ಲಿ ಅದನ್ನೇ ನಂಬಿ ಹೂ ಬಿಡೋ ಗಿಡ ಬದುಕೋದು ಕಷ್ಟ.

ಅದಕ್ಕೇ ನಮ್ಮ ಒಣ ಭೂಮಿಯ ಬಹಳಷ್ಟು ಗಿಡಗಳು ಮಳೆಗೆ ಕಾಯೋದಿಲ್ಲ. ಮುತ್ತಲ ಎಲೆ ಉದುರಿಸಿ, ಹೋಳಿ ಹೊತ್ತಿಗೆ ಬರೀ ಕೊಂಬೆಯಲ್ಲಿ ಕೆಂಪಾಗಿ ನಿಲ್ಲುತ್ತೆ. ಬೇವು ಫೆಬ್ರುವರಿ–ಮಾರ್ಚ್‌ನಲ್ಲಿ ಬೋಳಾಗಿ, ಮಾರ್ಚ್–ಏಪ್ರಿಲ್‌ನಲ್ಲಿ ಚಿಗುರಿ ಹೂ ಬಿಡುತ್ತೆ. ಹೊಂಗೆಯೂ ಹಾಗೇ. ಎಲೆ ಉದುರಿಸಿದರೆ ನೀರು ಆವಿಯಾಗಿ ಹೋಗೋದು ನಿಲ್ಲುತ್ತೆ, ಆಳದ ಬೇರು ತಂದ ನೀರಿನಲ್ಲಿ ಹೂ ಅರಳುತ್ತೆ. ದಾಳಿಂಬೆಗೆ ನೀರು ನಿಲ್ಲಿಸಿ, ಎಲೆ ಉದುರಿಸಿ ನಾವು ಬಹಾರ್ ಹಿಡಿಯೋದು ಇದೇ ಗುಣ ನೋಡಿ. ಬೇವು, ಹೊಂಗೆಯ ಈ ಹೂವು ಬೇಸಿಗೆಯಲ್ಲಿ ಜೇನಿಗೆ ಎಷ್ಟು ಆಸರೆ ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಹೂವಿಗೆ ಮಳೆ ಬೇಡ, ಖರೆ. ಬೀಜಕ್ಕೆ ಬೇಕು. ತೊಡಕು ಶುರುವಾಗೋದೇ ಇಲ್ಲಿ.

ಬೇವಿನ ಬೀಜಕ್ಕೆ ಆಯುಷ್ಯ ಕಡಿಮೆ. ಗಿಡದ ಕೆಳಗೆ ಬಿದ್ದ ಬೀಜ ಕೆಲವು ವಾರಗಳಲ್ಲಿ ಮೊಳಕೆ ಒಡೆಯೋ ಶಕ್ತಿ ಕಳೆದುಕೊಳ್ಳುತ್ತೆ. ಅದಕ್ಕೇ ಹಣ್ಣು ಬೀಳೋದು ಜೂನ್–ಜುಲೈನಲ್ಲಿ, ಮಿರಗ–ಆರಿದ್ರದ ಹಸಿಗೆ ಸರಿಯಾಗಿ. ಮುತ್ತಲದ ಬೀಜ ಬೀಳೋದೂ ಮಳೆಗಾಲದ ಹೊಸ್ತಿಲಲ್ಲೇ. ಜಾಲಿ ಹಾಗಲ್ಲ, ಅದರ ಬೀಜದ ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತೆ. ಮುಂಗಾರು ಹಿಂದೆ ಮುಂದೆ ಆದಾಗ ಜಾಲಿಗೆ ನಷ್ಟವಿಲ್ಲ, ಬೇವಿಗೆ ಇದೆ. 2023ನ್ನೇ ನೆನಪು ಮಾಡಿಕೊಳ್ಳಿ: ಮುಂಗಾರು ಕೇರಳಕ್ಕೇ ಜೂನ್ 8ಕ್ಕೆ ಬಂತು, ಆಮೇಲೆ ಆಗಸ್ಟ್ ಪೂರ್ತಿ ಒಣಗಿತು. ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಜುಲೈನಲ್ಲಿ ನಮ್ಮ ಬದುವಿನ ಮೇಲೆ ಎದ್ದಿದ್ದ ಬೇವಿನ ಸಸಿಗಳಲ್ಲಿ ಒಂದೂ ದಸರೆ ನೋಡಲಿಲ್ಲ.

ಬದುವಿನ ಮಾತು ಬಿಡಿ, ನಾವು ಸಸಿ ತಂದು ನೆಡಬಹುದು. ಬೀಳಗಿ–ಮುಧೋಳ ತಾಲ್ಲೂಕಿನ ಕುರುಚಲು ಕಾಡಿಗೆ ನೆಡೋರು ಯಾರು? ಅಲ್ಲೇ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಘೋಷಣೆಯಾಯಿತು. ಚಿಂಕಾರಕ್ಕೆ ಚಳಿಗಾಲದಲ್ಲಿ ಬಾರಿ ಹಣ್ಣು, ಬೇಸಿಗೆಯಲ್ಲಿ ಜಾಲಿಯ ಎಲೆ–ಕಾಯಿ, ಮಳೆಗೆ ಹೊಸ ಹುಲ್ಲು, ಹೀಗೆ ಒಂದರ ಹಿಂದೆ ಒಂದು ಸಿಗಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಿಂಗಳು ತಡವಾದರೆ ಪ್ರಾಣಿ ಹಸಿದು ಹೊಲಕ್ಕೆ ಬರುತ್ತೆ. ಕಾಯೋ ಬೀಜದ ಗಿಡಗಳೇ ಹೆಚ್ಚಿ, ಅವಸರದ ಬೀಜದವು ಕಡಿಮೆಯಾಗ್ತಾ ಹೋದರೆ ಮುಂದೆ ಕಾಡಿನ ತುಂಬ ಜಾಲಿ, ಬಳ್ಳಾರಿ ಜಾಲಿಯೇ ಆದೀತು. ಇದು ನನ್ನ ಅಂದಾಜು, ಆದರೆ ಗೋಮಾಳಗಳನ್ನು ನೋಡಿದರೆ ಹಾಗೇ ಅನಿಸುತ್ತೆ.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟೋದೂ ಸರಿಯಲ್ಲ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚೋದು ಯಾವಾಗ? ಡಿಸೆಂಬರ್‌ನಿಂದ ಮಾರ್ಚ್. ಬದುವಿನ ಬೇವು ಚಿಗುರು, ಹೂವಿಗೆ ಅಣಿಯಾಗೋ ಹೊತ್ತು. ಒಂದು ಮಗ್ಗಲು ಸುಟ್ಟುಹೋದ ಗಿಡ ಆ ವರ್ಷ ಆ ಮಗ್ಗಲಿಗೆ ಹಣ್ಣು ಕೊಡೋದಿಲ್ಲ. ರಬಕವಿ–ಬನಹಟ್ಟಿಯಿಂದ ಜಮಖಂಡಿಗೆ ಹೋಗೋ ದಾರಿಯಲ್ಲೇ ಇಂಥ ಗಿಡ ಎಷ್ಟೋ ಕಾಣಸಿಗ್ತಾವೆ. ರವದಿಯನ್ನು ಸಾಲಿನಲ್ಲೇ ಮುಚ್ಚಿಗೆ ಮಾಡಿ.

ಇನ್ನು ಬೀಜದ ಕೆಲಸ. ಹಣ್ಣು ತಾನಾಗಿ ಉದುರಲಿ ಅಂತ ಕಾಯಬೇಡಿ, ನಾನು ಕಾದು ಕೆಟ್ಟೆ. ಕಾಯಿ ಹಳದಿಗೆ ತಿರುಗಿದ ತಕ್ಷಣ ಗಿಡದ ಕೆಳಗೆ ತಾಡಪಾಲು ಹಾಸಿ ಕೊಂಬೆ ಅಲ್ಲಾಡಿಸಿ. ಎರಡು ದಿನದೊಳಗೆ ತಿರುಳು ತಿಕ್ಕಿ ತೊಳೆದು, ನೆರಳಿನಲ್ಲಿ ತೆಳುವಾಗಿ ಹರವಿ, ದಿನಕ್ಕೆರಡು ಸಲ ಕೈಯಾಡಿಸಿ. ಮಳೆ ಇದ್ದರೆ ಪಡಸಾಲೆಯಲ್ಲಿ ಫ್ಯಾನು ಹಚ್ಚಿ. ಪೂರ್ತಿ ಒಣಗಿದ್ದನ್ನು ಗೋಣಿ ಚೀಲದಲ್ಲಿ ತುಂಬಿ, ಪ್ಲಾಸ್ಟಿಕ್ ಬೇಡ. ಬೂಸ್ಟು ಹಿಡಿದ ಬೀಜಕ್ಕೆ ಕೀಟ ಹೆದರೋದಿಲ್ಲ, ಅದನ್ನು ಕಷಾಯಕ್ಕೆ ಹಾಕಬೇಡಿ. ಶೇ 5ರ ಕಷಾಯಕ್ಕೆ 5 ಕೆ.ಜಿ. ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ ಸೋಸಿ, ಸ್ವಲ್ಪ ಸಾಬೂನು ಸೇರಿಸಿ 100 ಲೀಟರ್ ಮಾಡಿಕೊಂಡು ಸಂಜೆ ಸಿಂಪಡಿಸಿ.

ಯಾವಾಗ ಹಳದಿಯಾಗುತ್ತೆ ಅಂತ ಗೊತ್ತಾಗೋದು ಹೇಗೆ? ಹಬ್ಬದ ಲೆಕ್ಕ ನಂಬಿದರೆ ಕೈಕೊಡುತ್ತೆ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂದಿದೆ. ಬೇವಿಗೆ ಅಧಿಕ ಮಾಸ ಗೊತ್ತಿಲ್ಲ! ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಮಿರಗ ಪ್ರತಿ ವರ್ಷ ಜೂನ್ 7–8ಕ್ಕೇ ಕೂಡುತ್ತೆ. ಹಿರಿಯರು ಬಿತ್ತನೆಗೆ ಅದನ್ನೇ ಹಿಡಿದದ್ದು ಸುಮ್ಮನೆ ಅಲ್ಲ. ನಾನೀಗ ನೀರಾವರಿ ಬದುವಿನ ಒಂದು ಬೇವು, ಒಣ ಹೊಲದ ಒಂದು ಬೇವು ಆರಿಸಿಕೊಂಡು, ಪ್ರತಿ ಭಾನುವಾರ ಚಿಗುರು, ಹೂ, ಕಾಯಿ, ಹಣ್ಣು ಎಷ್ಟು ಅಂತ ತಾರೀಖು ಸಹಿತ ಬರೆದಿಡುತ್ತಿದ್ದೇನೆ. ದೇಶದ ಮಟ್ಟದಲ್ಲಿ ಇದೇ ಕೆಲಸವನ್ನು 2010ರಿಂದ ಸೀಸನ್‌ವಾಚ್ ಅನ್ನೋ ಯೋಜನೆ ಶಾಲೆ ಮಕ್ಕಳು, ಸಾರ್ವಜನಿಕರ ಕೈಯಲ್ಲಿ ಮಾಡಿಸುತ್ತಿದೆ. ನೀವೂ ಸೇರಬಹುದು, ಇಲ್ಲವಾದರೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯೇ ಸಾಕು. ನೀರಾವರಿ ಬದುವಿನ ಗಿಡ ನನ್ನಲ್ಲಿ ಪೂರ್ತಿ ಬೋಳಾಗಲೇ ಇಲ್ಲ, ಹೂವೂ ತಡ. ಮೊದಲು ತಾಡಪಾಲು ಹಾಸೋದು ಒಣ ಹೊಲದ್ದಕ್ಕೇ.