ಕೋವಿ ಇದ್ದ ಮನೆಯ ಬಾಗಿಲು

ಕೊಡಗಿನ ಮನೆಗಳನ್ನು ಕಳ್ಳತನದಿಂದ ಕಾಪಾಡುವ ಪ್ರಶ್ನೆಯನ್ನು ಪೇಟೆಯ ಮನೆಗಳ ಅಳತೆಗೋಲಿನಿಂದ ನೋಡಲಾಗದು. ಏಕೆಂದರೆ ಇಲ್ಲಿ ಊರು ಎಂದರೆ ಒತ್ತೊತ್ತಾಗಿ ನಿಂತ ಮನೆಗಳ ಸಾಲಲ್ಲ, ಕಾಫಿ ತೋಟ, ಗದ್ದೆ, ಕಾಡುಗಳ ನಡುವೆ ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರದಲ್ಲಿ ಹರಡಿಕೊಂಡಿರುವ ಒಂಟಿ ಮನೆಗಳ ಸಮೂಹ. ನಾಪೋಕ್ಲು ಸುತ್ತಿನ ಗ್ರಾಮಗಳಲ್ಲಿ ಈ ದೂರವನ್ನೇ ರಕ್ಷಣೆಯೆಂದು ನಂಬಿದ ಹಳೆಯ ಮನೋಭಾವವೊಂದು ಇಂದಿಗೂ ಉಳಿದಿದೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರನು 1792ರಲ್ಲಿ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದಾಗ ಕಾಡೇ ಅವನ ಕೋಟೆಯಾಗಿತ್ತು. ಆದರೆ ದಂಡೆತ್ತಿ ಬರುವ ಸೈನ್ಯವನ್ನು ತಡೆಯುವ ಕಾಡು ಹಾರೆ ಹಿಡಿದು ಬರುವ ಇಬ್ಬರನ್ನು ತಡೆಯುವುದಿಲ್ಲ. ಅವರಿಗೆ ಬೇಕಾಗಿರುವುದೇ ಯಾರ ಕಣ್ಣಿಗೂ ಬೀಳದ ಒಂದು ಗಂಟೆ.

ಎರಡನೆಯ ನಂಬಿಕೆ ಕೋವಿಯದು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ, ಅಂದರೆ ಅರಸರ ಕಾಲದಿಂದ ಸೇವೆಯ ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿ ಪಡೆದ ಕುಟುಂಬಗಳಿಗೂ, ಪರವಾನಗಿಯಿಲ್ಲದೆ ಕೋವಿ ಹೊಂದುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿದ್ದು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಆ ವಿನಾಯಿತಿಯನ್ನು ಎತ್ತಿಹಿಡಿದಿದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ, ಅಂದರೆ ನಾಟಿ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ದಿನದಲ್ಲಿ, ಹೂವಿನಿಂದ ಅಲಂಕರಿಸಿ ನಿಲ್ಲಿಸುವ ಕೋವಿ ಕುಟುಂಬದ ಗೌರವ. ಆ ಗೌರವದಲ್ಲಿ ಪ್ರಸ್ತುತ ಲೇಖಕನಿಗೂ ಪಾಲಿದೆ. ಆದರೆ ಮನುಷ್ಯರಿಲ್ಲದ ಮನೆಯಲ್ಲಿ ಕೋವಿ ಕಾವಲುಗಾರನಲ್ಲ, ಕಳುವಾಗಬಹುದಾದ ಇನ್ನೊಂದು ವಸ್ತು ಮಾತ್ರ ಎಂಬುದನ್ನು ಅವನು ಅರಿತದ್ದು ತಡವಾಗಿ.

ಮನೆಯನ್ನು ನಿಜವಾಗಿ ಕಾಯುವುದು ಬಾಗಿಲವಾಡ, ಅಂದರೆ ಬಾಗಿಲನ್ನು ಹಿಡಿದಿಡುವ ಮರದ ಚೌಕಟ್ಟು. ಕೊಡಗಿನಲ್ಲಿ ಮರದ ಬಾಗಿಲು ಋತುವಿನೊಡನೆ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಹಲಗೆ ತೇವ ಹೀರಿ ಊದಿಕೊಂಡು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಆಗ ಬಾಗಿಲನ್ನು ಒದ್ದು ತೆರೆಯಬೇಕಾಗುತ್ತದೆ, ಒದ್ದು ಒದ್ದು ಬೇಸತ್ತ ಮನೆಯವರು ಆಚಾರಿಯನ್ನು ಕರೆಸಿ ಅಂಚನ್ನು ಕೀಸಿಸುತ್ತಾರೆ. ಫೆಬ್ರುವರಿಯ ಹೊತ್ತಿಗೆ ಅದೇ ಹಲಗೆ ಒಣಗಿ ಕುಗ್ಗಿದಾಗ, ಕೀಸಿ ತೆಗೆದಷ್ಟು ಜಾಗವೂ ಸೇರಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು ಬೀಳುತ್ತದೆ. ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಫಸಲು ಮಾರಾಟವಾಗಿ, ಮನೆಯಲ್ಲಿ ಹಣ ಓಡಾಡುವ ಕಾಲವೂ ಅದೇ. ಲೇಖಕನ ಮನೆಯ ಹಿಂಬಾಗಿಲಿನಲ್ಲಿ ಆ ಸಂದು ಇತ್ತು, ಅದರ ಪಕ್ಕದಲ್ಲೇ ಬೀಗದ ಕೊಂಡಿಪಟ್ಟಿಯನ್ನು ಅರ್ಧ ಅಂಗುಲದ ನಾಲ್ಕು ಸ್ಕ್ರೂಗಳು ಹಿಡಿದುಕೊಂಡಿದ್ದವು. ಬೀಗವೇನೋ ದುಬಾರಿಯದು, ಅಂಗೈ ತುಂಬುವಷ್ಟು ದಪ್ಪದ್ದು. ಕಳ್ಳರು ಅದನ್ನು ಮುಟ್ಟಲೂ ಇಲ್ಲ. ಲೇಖಕನ ಭಾವ ಹಿಂದಿನ ದೀಪಾವಳಿಗೆ ಬಂದಿದ್ದಾಗ ಆ ಕೊಂಡಿಯನ್ನು ಬೆರಳಿನಿಂದ ಅಲುಗಾಡಿಸಿ ತೋರಿಸಿ, ಹಲಗೆಯನ್ನು ತೂರಿಹೋಗುವ ಬೋಲ್ಟು ಹಾಕಿಸಿ ಒಳಗಡೆಯಿಂದ ನಟ್ಟು ಬಿಗಿಸುವಂತೆ ಹೇಳಿದ್ದರು. ಅಜ್ಜನ ಕಾಲದ ಬೀಟೆಯ ಹಲಗೆಗೆ ತೂತು ಕೊರೆಸಲು ಲೇಖಕನಿಗೆ ಮನಸ್ಸಾಗಲಿಲ್ಲ. ಇದಕ್ಕೆ ಹಠವೆಂದಲ್ಲದೆ ಬೇರೆ ಹೆಸರಿಲ್ಲ.

ಏಪ್ರಿಲ್ ತಿಂಗಳ ಒಂದು ಭಾನುವಾರ ಮನೆಮಂದಿಯೆಲ್ಲರೂ ವಿರಾಜಪೇಟೆಯಲ್ಲಿ ಹತ್ತಿರದ ನೆಂಟರ ಮದುವೆಗೆ ಹೋಗಿದ್ದರು. ಕೊಡವ ಮದುವೆಯಲ್ಲಿ ಮುಹೂರ್ತದೊಡನೆ ಕಾರ್ಯ ಮುಗಿಯುವುದಿಲ್ಲ. ಗಂಗಾಪೂಜೆಯಲ್ಲಿ ಮದುಮಗಳು ನೀರಿನ ಬಿಂದಿಗೆ ಹೊತ್ತು ಹೆಜ್ಜೆಯಿಡುವಾಗ ನೆಂಟರು ಎದುರು ನಿಂತು ಕುಣಿಯುತ್ತಾ ಅವಳ ದಾರಿಯನ್ನು ಗಂಟೆಗಟ್ಟಲೆ ತಡೆಯುವುದು ಪದ್ಧತಿ. ಅಂದು ಯಾವ ಮನೆ ಎಷ್ಟು ಹೊತ್ತು ಖಾಲಿಯಿರುತ್ತದೆ ಎಂಬುದನ್ನು ಆಮಂತ್ರಣ ಪತ್ರಿಕೆ ಓದಿದವರೆಲ್ಲರೂ ಲೆಕ್ಕಹಾಕಬಹುದಿತ್ತು. ಸಾಲದ್ದಕ್ಕೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನದಿಂದಲೇ ಚಿತ್ರಗಳು ಹರಿದಾಡುತ್ತಿದ್ದವು. ಕಳುಹಿಸಿದ ಸೋದರಳಿಯನಿಗೆ ಲೇಖಕನು ಇಂದಿಗೂ ಪೂರ್ತಿ ಕ್ಷಮೆ ನೀಡಿಲ್ಲವಾದರೂ, ಆ ಚಿತ್ರಗಳಲ್ಲಿ ಲೇಖಕನೇ ಮುಂದೆ ನಿಂತು ಕುಣಿಯುತ್ತಿದ್ದನೆಂಬುದು ಸತ್ಯ.

ರಾತ್ರಿ ಹತ್ತೂವರೆಯ ಸುಮಾರಿಗೆ ಜೀಪು ತೋಟದ ಗೇಟು ದಾಟಿದಾಗ ಮೊದಲು ಕೇಳಿಸಿದ್ದು ನಾಯಿಯ ದನಿ. ಬೆಳಿಗ್ಗೆ ಗೂಡಿನಲ್ಲಿ ಕೂಡಿಹಾಕಿದ್ದ ಆ ನಾಯಿ ಬೊಗಳುತ್ತಿತ್ತು, ಆದರೆ ಅದರ ಗಂಟಲು ಕಟ್ಟಿಹೋಗಿ, ಕೆಮ್ಮಿದಂತೆ ಬರಿಯ ಗಾಳಿ ಹೊರಡುತ್ತಿತ್ತು. ಎಷ್ಟು ಹೊತ್ತಿನಿಂದ ಅದು ಹಾಗೆ ಕೂಗಿತ್ತೋ, ಕೇಳಲು ಅಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲಿನ ಬೀಗ ಬಿಟ್ಟುಹೋದಂತೆಯೇ ಇತ್ತು. ಬೀಗ ತೆಗೆದರೂ ಬಾಗಿಲು ಮಿಸುಕಲಿಲ್ಲ. ಯಾರೋ ಒಳಗಿನಿಂದ ಅಗುಳಿ ಹಾಕಿದ್ದರು. ಹೊರಗಿನಿಂದ ಬೀಗ ಹಾಕಿ ಹೋದ ಮನೆಗೆ ಒಳಗಿನಿಂದ ಅಗುಳಿ ಬಿದ್ದಿರುವುದರ ಅರ್ಥ ತಲೆಗೆ ಇಳಿಯಲು ಕೆಲವು ಕ್ಷಣ ಬೇಕಾಯಿತು, ಇಳಿದಾಗ ಕೈಯಲ್ಲಿದ್ದ ಕೀಲಿಕೈ ನೆಲಕ್ಕೆ ಬಿತ್ತು. ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ ಎಂಬುದು ತಿಳಿಯದು. ಮನೆಯ ಕೋವಿ ಒಳಗಿನ ಬೀರುವಿನಲ್ಲಿ, ತೋಟೆಗಳು ಅದರ ಕೆಳಗಿನ ಖಾನೆಯಲ್ಲಿ, ಕಳ್ಳರು ಒಳಗೆ, ಮನೆಯ ಯಜಮಾನ ಬರಿಗೈಯಲ್ಲಿ ಅಂಗಳದಲ್ಲಿ. ಆ ಕತ್ತಲಿನಲ್ಲಿ ಕೋವಿಯೆಂದರೆ ಧೈರ್ಯವಾಗಿರಲಿಲ್ಲ, ಎದುರಿನಿಂದ ಬರಬಹುದಾದ ಸಾವಾಗಿತ್ತು. ಎಂಬತ್ತರ ಸಮೀಪದ ತಾಯಿ ಐಮರದ ಮೇಲೆ, ಅಂದರೆ ಜಗಲಿಯ ಕಂಬಗಳ ನಡುವೆ ಕೂರಲು ಜೋಡಿಸಿರುವ ಅಗಲವಾದ ಹಲಗೆಯ ಮೇಲೆ, ಮದುವೆಯ ರೇಷ್ಮೆ ಸೀರೆಯಲ್ಲೇ ಕುಳಿತು ಒಂದೇ ಸಮನೆ ಕಾವೇರಮ್ಮನನ್ನು ಕರೆಯುತ್ತಿದ್ದರು. ಪತ್ನಿ ತೋಳು ಹಿಡಿದು ಎಳೆದು, ಒಳಗೆ ಹೋಗದಂತೆ, 112ಕ್ಕೆ ಕರೆ ಮಾಡುವಂತೆ ಬೇಡಿಕೊಂಡರೂ ಲೇಖಕನು ತೋಳು ಬಿಡಿಸಿಕೊಂಡು ಹಿಂಬದಿಗೆ ಓಡಿದನು. ಕೊಂಡಿಪಟ್ಟಿ ನಾಲ್ಕೂ ಸ್ಕ್ರೂಗಳೊಡನೆ ಕಿತ್ತುಬಂದು, ಬೀಗ ಹಾಕಿದ ಸ್ಥಿತಿಯಲ್ಲೇ ಚೌಕಟ್ಟಿನಿಂದ ತೂಗಾಡುತ್ತಿತ್ತು. ಹಲಗೆಯ ಅಂಚಿನಲ್ಲಿ ಹಾರೆಯ ತುದಿ ಊರಿದ ಗುರುತು, ಅದರ ಸುತ್ತ ಹೊಸದಾಗಿ ಸೀಳಿದ ಮರದ ಕೆಂಪು.

ಒಳಗೆ ಯಾರೂ ಇರಲಿಲ್ಲ, ಕೋವಿಯೂ ಇದ್ದಲ್ಲೇ ಇತ್ತು. ಹೋದದ್ದು ಕಾಫಿ ಮಾರಿದ ಹಣದಲ್ಲಿ ಉಳಿದಿದ್ದ ಭಾಗ, ತಾಯಿಯ ಕೊಕ್ಕೆತಾತಿ ಎಂಬ ಅರ್ಧಚಂದ್ರಾಕಾರದ ಪದಕದ ಸರ, ಮತ್ತು ಅಜ್ಜಿಯಿಂದ ಬಂದ ಜೋಮಾಲೆ ಎಂಬ ಮಣಿಸರ. ಆದರೆ ಕಳ್ಳರು ಮಾಡಿದ ಹಾನಿಗೆ ಅನಂತರದ ಅರ್ಧ ಗಂಟೆಯಲ್ಲಿ ಲೇಖಕನೇ ಇನ್ನಷ್ಟು ಸೇರಿಸಿದನು: ಕೋವಿಗಾಗಿ ಕೋಣೆಯಿಂದ ಕೋಣೆಗೆ ಓಡಾಡಿ ನೆಲದ ಹೆಜ್ಜೆಗುರುತುಗಳನ್ನು ತುಳಿದನು, ಬೀರುವಿನ ಹಿಡಿಗಳನ್ನೆಲ್ಲ ಮುಟ್ಟಿದನು, ತಾಯಿ ನೋಡಬಾರದೆಂದು ಚೆಲ್ಲಿದ ಬಟ್ಟೆಗಳನ್ನು ಎತ್ತಿ ಒಳಗಿಟ್ಟನು. ಶ್ವಾನದಳದ ನಾಯಿ ಮರುದಿನ ಬಂದಾಗ ಅದು ಹಿಡಿಯಬೇಕಾದ ವಾಸನೆಯ ಮೇಲೆ ಮನೆಯವರೆಲ್ಲರ ವಾಸನೆ ಹರಡಿತ್ತು, ಬೆರಳಚ್ಚು ತಜ್ಞರಿಗೆ ದೊರೆತ ಸ್ಪಷ್ಟ ಗುರುತುಗಳು ಲೇಖಕನವೇ ಆಗಿದ್ದವು.

ಎರಡನೆಯ ತಪ್ಪು ಇನ್ನೂ ದುಬಾರಿಯಾಯಿತು. ತಾಯಿಗೆ ನಿದ್ರೆ ಬರಲೆಂದು ಮೂರನೆಯ ದಿನವೇ ಆಚಾರಿಯಿಂದ ಬಾಗಿಲನ್ನು ಸರಿಪಡಿಸಲಾಯಿತು. ಅದಕ್ಕೆ ಮೊದಲು ಒಂದು ಚಿತ್ರವನ್ನೂ ತೆಗೆದಿರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಕನ್ನವನ್ನು ವಿಶಾಲವಾಗಿಯೇ ವಿವರಿಸುತ್ತದೆ. ಒಳಹೊಗಲು ಬೀಗ ತೆರೆದರೂ ಅದು ಕನ್ನವೇ, ರಾತ್ರಿಯಲ್ಲಿ ಕಳ್ಳತನಕ್ಕಾಗಿ ಹಾಗೆ ನುಗ್ಗಿದವರಿಗೆ 331ನೆಯ ಕಲಮಿನಡಿ ಹದಿನಾಲ್ಕು ವರ್ಷಗಳವರೆಗೆ ಶಿಕ್ಷೆ ಆಗಬಹುದು. ವಿಮಾ ಪತ್ರದ ಭಾಷೆ ಬೇರೆ: ಅಲ್ಲಿ ಸಾಮಾನ್ಯವಾಗಿ ಬಲಪ್ರಯೋಗದಿಂದ ಒಡೆದು ಒಳನುಗ್ಗಿದ ಕಣ್ಣಿಗೆ ಕಾಣುವ ಗುರುತು ಬೇಕು. ಎರಡು ವಾರಗಳ ಅನಂತರ ಬಂದ ವಿಮಾ ಸಮೀಕ್ಷಕರೊಬ್ಬರು ಹೊಸ ಹಲಗೆಯ ತುಂಡನ್ನು ಬೆರಳಿನಿಂದ ತಟ್ಟಿ ನೋಡಿ, ಮುಂಬಾಗಿಲಿನ ಬೀಗ ಸರಿಯಾಗಿಯೇ ಇದೆಯೆಂದು ಬರೆದುಕೊಂಡು, ನೀರು ಕೂಡ ಕುಡಿಯದೆ ಹೊರಟುಹೋದರು. ಕಿತ್ತ ಮರದ ಚೂರುಗಳು ಒಲೆ ಸೇರಿದ್ದವು ನಿಜ; ಆದರೂ ಪೊಲೀಸರ ಮಹಜರಿನಲ್ಲಿ, ಅಂದರೆ ಪಂಚರ ಎದುರು ಸ್ಥಳದಲ್ಲೇ ಬರೆದ ದಾಖಲೆಯಲ್ಲಿ, ಹಾರೆಯ ಗುರುತಿನ ಉಲ್ಲೇಖವಿದ್ದಾಗ ಅದನ್ನು ಓದುವ ಸೌಜನ್ಯವನ್ನಾದರೂ ಆ ಸಮೀಕ್ಷಕರು ತೋರಿಸಬಹುದಿತ್ತು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಕಳ್ಳರು ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ ‘ಸಿ’ ವರದಿಯನ್ನು, ಅಂದರೆ ಅಪರಾಧ ನಡೆದದ್ದು ನಿಜ, ಆರೋಪಿ ಪತ್ತೆಯಾಗಿಲ್ಲ ಎಂಬ ವರದಿಯನ್ನು, ವಿಮೆಯವರು ಕೇಳುತ್ತಾರೆ. ಈ ಕಾಗದಗಳೊಡನೆ ಒಡೆದ ಬಾಗಿಲಿನ ನಾಲ್ಕು ಚಿತ್ರಗಳಿದ್ದಿದ್ದರೆ ವಾದಕ್ಕೆ ಅವಕಾಶವಿರುತ್ತಿರಲಿಲ್ಲ.

ಮೂರನೆಯ ತಪ್ಪನ್ನು ಬರೆಯುವುದು ಕಷ್ಟ. ತೋಟದ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ವಸತಿಯಲ್ಲಿ, ವಾಸವಿದ್ದ ಒಂದು ಕುಟುಂಬದ ಮೇಲೆ ಎಲ್ಲರಿಗಿಂತ ಮೊದಲು ಬೆರಳು ತೋರಿಸಿದವನು ಲೇಖಕನೇ. ಆ ರಾತ್ರಿ ಅವರು ಜ್ವರ ಬಂದ ಮಗುವಿನೊಡನೆ ಮಡಿಕೇರಿಯ ಆಸ್ಪತ್ರೆಯಲ್ಲಿದ್ದರೆಂಬುದು ವಿಚಾರಣೆಯಲ್ಲಿ ತಿಳಿದುಬಂತು. ಆರು ವರ್ಷ ಆ ತೋಟದಲ್ಲಿ ದುಡಿದ ಅವರು ಮರುವಾರವೇ ಗಂಟು ಕಟ್ಟಿಕೊಂಡು ಹೊರಟರು, ಹೋಗುವಾಗ ಮನೆಯೊಡತಿಗೆ ಹೇಳಿಹೋದರು, ಲೇಖಕನ ಕಡೆ ನೋಡಲಿಲ್ಲ. ಅವರಿದ್ದ ದಿನಗಳಲ್ಲಿ ಹಿಂಬದಿಯ ದಾರಿಯಲ್ಲಿ ಓಡಾಡುತ್ತಿದ್ದ ಕಣ್ಣುಗಳು ಅವರವೇ ಆಗಿದ್ದವು.

ಒಡವೆಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಜೋಮಾಲೆಯ ಮಣಿಗಳು ಒಳಗೆ ಅರಗು ತುಂಬಿದ ಪೊಳ್ಳು ಚಿನ್ನದವು. ಒಟ್ಟು ತೂಕವನ್ನೇ ಚಿನ್ನದ ತೂಕವೆಂದು ದೂರಿನಲ್ಲಿ ಬರೆಸಿದರೆ ಮುಂದೆ ಲೆಕ್ಕ ಹೊಂದುವುದಿಲ್ಲ, ರಸೀದಿಯಂತೂ ಅಜ್ಜಿಯ ಕಾಲದ ಒಡವೆಗೆ ಇರುವುದಿಲ್ಲ. ಆದ್ದರಿಂದ ಪರಿಚಿತ ಅಕ್ಕಸಾಲಿಗನಿಂದ ಅರಗು ಬಿಟ್ಟು ಚಿನ್ನದ ತೂಕವನ್ನು ಬರೆಸಿ, ಕೊಂಡಿಯ ಬೆಸುಗೆ, ಕಳೆದ ಮಣಿಯ ಜಾಗ ಇತ್ಯಾದಿ ಗುರುತುಗಳು ಕಾಣುವಂತೆ ಹತ್ತಿರದಿಂದ ಚಿತ್ರ ತೆಗೆದಿಡಬೇಕು. ಬ್ಯಾಂಕಿನ ಲಾಕರ್ ಒಳ್ಳೆಯದೇ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಳ್ಳತನ, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ನೈಸರ್ಗಿಕ ವಿಕೋಪಕ್ಕೆ ಆ ಹೊಣೆಯಿಲ್ಲದಿರುವುದನ್ನು 2018ರ ಮಳೆಯನ್ನು ಕಂಡ ಕೊಡಗಿನವರು ನೆನಪಿನಲ್ಲಿಡಬೇಕು. ಸಿಸಿಟಿವಿ ಹಾಕಿಸುವವರು ಬ್ಯಾಟರಿಯಿಲ್ಲದೆ ಹಾಕಿಸಬಾರದು; ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಅದು ಗೋಡೆಯ ಅಲಂಕಾರವಷ್ಟೇ.

ಈಗ ಮನೆಯವರೆಲ್ಲರೂ ಹೊರಡುವ ದಿನ ಕೆಳಗಿನ ಗದ್ದೆಯಾಚೆಯ ಮನೆಯವರಿಗೆ ಹೇಳಿ ಹೋಗಲಾಗುತ್ತದೆ, ಸಂಜೆ ಅವರು ಬಂದು ನಾಯಿಯನ್ನು ಗೂಡಿನಿಂದ ಬಿಡುತ್ತಾರೆ. ಆ ಮನೆಯವರು ಹೊರಗೆ ಹೋದ ದಿನ ಲೇಖಕನು ಅವರ ಮನೆಯತ್ತ ಒಂದು ಸುತ್ತು ಬರುತ್ತಾನೆ. ಹಿಂಬಾಗಿಲಿನ ಬೀಟೆಯ ಹಲಗೆಗೆ ತೂತು ಕೊರೆದು ನಾಲ್ಕು ಬೋಲ್ಟು ಹಾಕಿಸಲಾಗಿದೆ. ಈ ಜುಲೈನಲ್ಲಿ ಬಾಗಿಲು ಮತ್ತೆ ಊದಿಕೊಂಡು ಬಿಗಿಯಾದಾಗ ಯಾರೂ ಆಚಾರಿಯನ್ನು ಕರೆಸಲಿಲ್ಲ. ತಾಯಿ ದಿನವೂ ದೀಪ ಹಚ್ಚಿದ ಮೇಲೆ ಹೋಗಿ ಒಂದೊಂದು ನಟ್ಟನ್ನೂ ಬೆರಳಿನಿಂದ ತಿರುಗಿಸಿ ನೋಡುತ್ತಾರೆ.