ಸದಸ್ಯರ ಇ-ಮೇಲ್ ವಿಳಾಸ: ಅನಪೇಕ್ಷಿತ ಪತ್ರಗಳಿಂದ ರಕ್ಷಣೆ

ಗ್ರಾಮ ಪಂಚಾಯಿತಿ ಸದಸ್ಯರನ್ನು ಸಂಪರ್ಕಿಸಲು ಸಾರ್ವಜನಿಕರಿಗೆ ಒಂದು ವಿಳಾಸವಿರಬೇಕಾದುದು ನ್ಯಾಯ. ಆದರೆ ಬ್ಯಾಂಕ್ ಖಾತೆಗೆ ಜೋಡಿಸಿದ ಸ್ವಂತ ಇ-ಮೇಲ್ ವಿಳಾಸವೇ ಕರಪತ್ರ, ಸೂಚನಾ ಫಲಕಗಳಲ್ಲಿಯೂ ಪ್ರಕಟವಾದರೆ ಎರಡು ಬಗೆಯ ಹಾನಿಯುಂಟು. ಅನಪೇಕ್ಷಿತ ಪತ್ರಗಳ ರಾಶಿಯಲ್ಲಿ ಗ್ರಾಮಸ್ಥರ ಅರ್ಜಿಯೂ ಸಭೆಯ ತಿಳಿವಳಿಕೆ ಪತ್ರವೂ ಮರೆಯಾಗುತ್ತವೆ. ವಂಚಕರಿಗೆ ನೇರ ದಾರಿಯೂ ದೊರೆಯುತ್ತದೆ. ಒಮ್ಮೆ ಹೊರಬಿದ್ದ ವಿಳಾಸವನ್ನು ಹಿಂಪಡೆಯಲಾಗದು. ಆದುದರಿಂದ ಯಾರಿಗೆ ಯಾವ ವಿಳಾಸ ನೀಡಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಅಗತ್ಯ.

1. ವಿಳಾಸವು ಸೋರುವ ಬಗೆ

ಅಂತರಜಾಲದ ಪುಟಗಳನ್ನೂ ಪಿಡಿಎಫ್ ಕಡತಗಳನ್ನೂ ಸ್ವಯಂಚಾಲಿತ ತಂತ್ರಾಂಶಗಳು ಜಾಲಾಡಿ, ‘@’ ಚಿಹ್ನೆಯುಳ್ಳ ವಿಳಾಸಗಳನ್ನು ಸಂಗ್ರಹಿಸುತ್ತವೆ. ಬಹುಮಾನದ ಕೂಪನ್, ಉಚಿತ ಆ್ಯಪ್, ಅಂಗಡಿಯ ನೋಂದಣಿ ಇವುಗಳಿಗೆ ನೀಡಿದ ವಿಳಾಸಗಳೂ ಕೈಯಿಂದ ಕೈಗೆ ಮಾರಾಟವಾಗಬಹುದು. ಹಲವರಿಗೆ ಒಂದೇ ಪತ್ರ ಕಳುಹಿಸುವಾಗ ಎಲ್ಲರ ವಿಳಾಸಗಳನ್ನು ‘ಸಿಸಿ’ ಅಂಕಣದಲ್ಲಿ ತುಂಬಿದರೆ ಪ್ರತಿಯೊಬ್ಬರಿಗೂ ಉಳಿದವರ ವಿಳಾಸ ಕಾಣುತ್ತದೆ. ‘ಬಿಸಿಸಿ’ ಅಂಕಣ ಬಳಸಿದಲ್ಲಿ ಕಾಣುವುದಿಲ್ಲ.

2. ಎರಡು ವಿಳಾಸಗಳ ಕ್ರಮ

ಸದಸ್ಯರು ಸಾರ್ವಜನಿಕ ಸಂಪರ್ಕಕ್ಕೆಂದೇ ಪ್ರತ್ಯೇಕ ವಿಳಾಸವೊಂದನ್ನು ತೆರೆದು, ಕರಪತ್ರ ಹಾಗೂ ಫಲಕಗಳಲ್ಲಿ ಅದನ್ನೇ ನಮೂದಿಸುವುದು ಸೂಕ್ತ. ಬ್ಯಾಂಕ್, ವಿಮೆ ಮುಂತಾದ ಸ್ವಂತ ವ್ಯವಹಾರಗಳ ವಿಳಾಸವನ್ನು ಬೇರೆಲ್ಲಿಯೂ ನೀಡಬಾರದು. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇದ್ದು, ಎರಡು ಹಂತದ ಪರಿಶೀಲನೆ ಚಾಲನೆಯಲ್ಲಿರಬೇಕು.

3. ಪತ್ರ ಬಂದಾಗ ಅನುಸರಿಸತಕ್ಕ ಕ್ರಮ

ಅಪರಿಚಿತ ಅನಪೇಕ್ಷಿತ ಪತ್ರಕ್ಕೆ ಬೈಗುಳದ ಉತ್ತರವನ್ನೂ ಕಳುಹಿಸಬಾರದು. ಉತ್ತರ ಬರೆದರೆ, ಅಥವಾ ಅದರೊಳಗಿನ ‘ಪಟ್ಟಿಯಿಂದ ಹೆಸರು ತೆಗೆಯಿರಿ’ ಎಂಬ ಲಿಂಕ್ ಒತ್ತಿದರೆ, ವಿಳಾಸವು ಬಳಕೆಯಲ್ಲಿದೆಯೆಂಬುದು ಕಳುಹಿಸಿದವರಿಗೆ ಖಚಿತವಾಗುತ್ತದೆ. ಅಂತಹ ಪತ್ರವನ್ನು ಕೇವಲ ಅಳಿಸದೆ ‘ಸ್ಪ್ಯಾಮ್’ ಎಂದು ಗುರುತಿಸಿದಲ್ಲಿ, ಮುಂದೆ ಬರುವ ಅದೇ ಬಗೆಯ ಪತ್ರಗಳನ್ನು ತಡೆಯಲು ನೆರವಾಗುತ್ತದೆ.

ಕೆಲವೊಮ್ಮೆ ನೈಜ ಪತ್ರವೂ ಸ್ಪ್ಯಾಮ್ ವಿಭಾಗವನ್ನು ಸೇರುತ್ತದೆ. ಜಿಮೇಲ್‌ನಲ್ಲಿ ಆ ವಿಭಾಗದ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುತ್ತವೆ. ಆದಕಾರಣ ವಾರಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸಬೇಕು.

4. ಸರ್ಕಾರದ ಹೆಸರಿನ ನಕಲಿ ಪತ್ರ

‘ಗೌರವಧನ ಜಮೆಯಾಗಿಲ್ಲ’, ‘ಅನುದಾನ ತಡೆಹಿಡಿಯಲಾಗಿದೆ’ ಎಂದು ಆತುರಪಡಿಸುವ ಪತ್ರಗಳಲ್ಲಿ ಎಚ್ಚರಿಕೆ ಅಗತ್ಯ. ಕಳುಹಿಸಿದವರ ಹೆಸರಿನ ಸ್ಥಳದಲ್ಲಿ ಯಾವ ಅಧಿಕಾರಿಯ ಹೆಸರನ್ನಾದರೂ ಬರೆಯಬಹುದು. ಆದುದರಿಂದ ಹೆಸರನ್ನಷ್ಟೇ ನೋಡದೆ ಪೂರ್ಣ ವಿಳಾಸವನ್ನು ಓದಬೇಕು. ಸರ್ಕಾರಿ ವಿಳಾಸಗಳು ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತವೆ. ಹಾಗಿದ್ದರೂ ವಿಳಾಸವನ್ನೇ ನಕಲು ಮಾಡಿರುವ ಸಾಧ್ಯತೆಯುಂಟು. ಲಗತ್ತನ್ನು ತೆರೆಯುವ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ದೂರವಾಣಿಯಲ್ಲಿ ವಿಚಾರಿಸುವುದು ಕ್ಷೇಮ. ಒಟಿಪಿ, ಪಾಸ್‌ವರ್ಡ್‌ಗಳನ್ನು ಯಾರಿಗೂ ತಿಳಿಸಕೂಡದು. ಹಣ ಕಳೆದುಕೊಂಡಲ್ಲಿ ಸಂಕೋಚಪಡದೆ, ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಅಭ್ಯಾಸ

ಮುಂದಿನ ಸಾಮಾನ್ಯ ಸಭೆಯೊಳಗಾಗಿ ಪ್ರತಿಯೊಬ್ಬ ಸದಸ್ಯರೂ ತಮ್ಮ ಸ್ವಂತ ವಿಳಾಸವು ಎಲ್ಲೆಲ್ಲಿ ಪ್ರಕಟವಾಗಿದೆಯೆಂದು ಪಟ್ಟಿ ಮಾಡಿ, ಆಯಾ ಸ್ಥಳಗಳಲ್ಲಿ ಸಾರ್ವಜನಿಕ ವಿಳಾಸವನ್ನು ಬದಲಿಯಾಗಿ ನಮೂದಿಸುವುದು. ತಿಳಿದವರು ತಿಳಿಯದ ಸದಸ್ಯರಿಗೆ ನೆರವಾಗುವುದು.