ಉಳುಕಿದ ಕಾಲಿಗೆ ಗೋಡೆಯ ಪಾಠ

ಫಿಸಿಯೋಥೆರಪಿಸ್ಟ್ ಆಗಿ ನಾನು ಕಾಣುವ ಕಬಡ್ಡಿ ಹುಡುಗರಲ್ಲಿ ಹೆಚ್ಚಿನವರು, ಉಳುಕಿದ ಕಾಲಿನ ಬಾವು ಇಳಿದೊಡನೆ ಆಟಕ್ಕೆ ಮರಳುತ್ತಾರೆ. ಪಾದದ ಕೀಲು ಬಿಗಿಯಾಗಿಯೇ ಉಳಿದರೆ, ಜಿಗಿದು ಇಳಿಯುವಾಗ ಮೊಣಕಾಲಿಗೆ ಹೆಚ್ಚು ಭಾರ ಬೀಳುತ್ತದೆ.

ಪರೀಕ್ಷೆ ಸುಲಭ. ಗೋಡೆಯೆದುರು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಸ್ವಲ್ಪ ಹಿಂದೆ ಸರಿಸಿ ಮತ್ತೆ ಮುಟ್ಟಿಸಿ. ಕೊನೆಗೆ ಹೆಬ್ಬೆರಳಿಗೂ ಗೋಡೆಗೂ ಸುಮಾರು 10 ಸೆಂ.ಮೀ. ಅಂತರವಿದ್ದರೆ ಚೆನ್ನು. ಎರಡೂ ಕಾಲನ್ನು ಹೋಲಿಸಿ. ಹಿಂದುಳಿದ ಕಾಲಿಗೆ ಇದೇ ಚಲನೆಯನ್ನು ದಿನವೂ 10 ಸಲ ಮಾಡಿಸಿ. ನೋವಾದರೆ ನಿಲ್ಲಿಸಿ, ವೈದ್ಯರನ್ನು ಕಾಣಿ.

ಇದಕ್ಕೆ ಖರ್ಚಿಲ್ಲ. ಆದರೆ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದವರಿಗೆ ವಾರಗಟ್ಟಲೆ ಫಿಸಿಯೋಥೆರಪಿ ಬೇಕು. ಆಸ್ಪತ್ರೆಯ ಬಿಲ್ಲು ಕಟ್ಟಿ ಬರಿಗೈಯಾದವರು ಅದನ್ನೇ ಮೊದಲು ಕೈಬಿಡುತ್ತಾರೆ. ನಮ್ಮ ವೈದ್ಯಕೀಯ ನೆರವು ನಿಧಿಗೆ ನೀವು ಕೊಡುವ ಹಣ ಅಲ್ಲಿಗೂ ತಲುಪಲಿ.